ಮೂಗಿಗೆ ಹಿಡಿದ ಉಣ್ಣೆ

ಬೀರೇಶನಿಗೆ ವಾಸನೆ ತಿಳಿಯುತ್ತಿರಲಿಲ್ಲ. ಕೊರೋನಾದ ಎರಡನೇ ಅಲೆಯಲ್ಲಿ ಹನ್ನೆರಡು ದಿನ ಜ್ವರ ಬಂದಿತ್ತು. ಜ್ವರ ಹೋಗುವಾಗ ವಾಸನೆಯನ್ನೂ ತೆಗೆದುಕೊಂಡು ಹೋಯಿತು. ಮೂರು ತಿಂಗಳಲ್ಲಿ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ಈಗ ಮೂರೂವರೆ ವರ್ಷ. ಅದನ್ನು ಯಾರಿಗೂ ಹೇಳದೆ ಇರುವುದನ್ನು ಅವನು ಕಲಿತಿದ್ದ. ಹಾಲು ಸೀದದ್ದು ಎದುರಿಗಿದ್ದವರ ಮುಖ ನೋಡಿ ತಿಳಿಯುತ್ತಿತ್ತು. ರಾಮತೀರ್ಥ ನಗರದ ಬಾಡಿಗೆ ಮನೆಗೆ ಬೀಗ ಹಾಕಿ ಮೆಟ್ಟಿಲಿಳಿದ ಮೇಲೆ ಮತ್ತೆ ಹತ್ತಿಬಂದು ಗ್ಯಾಸಿನ ಗುಂಡಿ ಮುಟ್ಟಿ ನೋಡುತ್ತಿದ್ದ. ಅಂಗಿಯನ್ನು ಒಂದು ದಿನಕ್ಕಿಂತ ಹೆಚ್ಚು ಹಾಕುತ್ತಿರಲಿಲ್ಲ, ಎರಡನೇ ದಿನ ನಾರುತ್ತದೋ ಇಲ್ಲವೋ ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ವಾಸನೆ ಇಲ್ಲದೆ ಮನುಷ್ಯ ಬದುಕಬಹುದು, ಎಷ್ಟೋ ಜನ ಬದುಕುತ್ತಾರೆ. ಆದರೆ ಬೀರೇಶ ಮಾರುತ್ತಿದ್ದದ್ದೇ ವಾಸನೆಯನ್ನು. ‘ಮಂದೆ’ ಎಂಬ ಅವನ ಕಂಪನಿ ಕುರಿ ಉಣ್ಣೆಯ ಆಸನಗಳನ್ನು ಧ್ಯಾನಕ್ಕೆ ಕೂರುವವರಿಗೆ ಮಾರುತ್ತಿತ್ತು, ಮತ್ತು ಪ್ರತಿ ಆಸನದ ಮಡಿಕೆಯೊಳಗೆ ಒಂದು ಕಾರ್ಡು ಇರುತ್ತಿತ್ತು. ‘ಇದನ್ನು ಮೂಗಿಗೆ ಹಿಡಿಯಿರಿ. ಮೊದಲ ಮಳೆಗೆ ನೆನೆದ ಹುಲ್ಲಿನ ವಾಸನೆ ಬರುತ್ತದೆ. ಇದು ನನ್ನ ಅಜ್ಜನ ವಾಸನೆ.’ ಆ ಸಾಲು ಬರೆದಾಗ ಅವನಿಗೆ ಜ್ವರ ಬಂದಿರಲಿಲ್ಲ. ಅಜ್ಜ ಕುರಿ ಕಾದವನು, ಅಪ್ಪ ಕುರಿ ಬಿಟ್ಟು ಕಚೇರಿಯ ಗುಮಾಸ್ತನಾದವನು. ರಜೆಗೆ ಹೋದಾಗ ಅಜ್ಜನ ಕಂಬಳಿಯೊಳಗೆ ಮಲಗಿದ ಹುಡುಗನಿಗೆ ಆ ವಾಸನೆ ಬಿಟ್ಟರೆ ದೇವರೆಂದು ಬೇರೆ ಏನೂ ತಿಳಿದಿರಲಿಲ್ಲ. ಮಚ್ಛೆಯ ಎರಕದ ಕಾರ್ಖಾನೆಯ ಮಾರಾಟದ ಕೆಲಸ ಬಿಟ್ಟು ಈ ಕಂಪನಿ ತೆಗೆದದ್ದು ಅದಕ್ಕೇ. ಆಗ ಅದು ಖರೆ ಇತ್ತು.

ಶನಿವಾರ ಬೆಳಿಗ್ಗೆ ಮಚ್ಛೆಯ ಶೆಡ್ಡಿನಲ್ಲಿ ಹತ್ತು ನಿಮಿಷದ ಮೌನ ನಡೆದಿತ್ತು. ಕೆಲಸ ಶುರುವಾಗುವ ಮುಂಚೆ ಎಲ್ಲರೂ ನೆಲದ ಮೇಲೆ ಆಸನ ಹಾಸಿಕೊಂಡು ಕಣ್ಣು ಮುಚ್ಚಿ ಕೂರಬೇಕು. ಇದು ಪಾಲುದಾರಳಾದ ಮನಿಷಾ ತಂದ ಪದ್ಧತಿ. ಅವಳು ಯೋಗ ಕಲಿಸುವವಳು, ವ್ಯಾಪಾರವನ್ನೂ ಸಾಧನೆಯಂತೆ ಮಾಡಬಹುದು ಎನ್ನುತ್ತಿದ್ದಳು. ಬರೀ ಎನ್ನುತ್ತಿರಲಿಲ್ಲ, ನಂಬಿದ್ದಳು, ತೊಂದರೆ ಇದ್ದದ್ದು ಅಲ್ಲಿ. ಬೀರೇಶ ಒಂದು ಕಣ್ಣು ತೆರೆದು ನೋಡಿದ. ಮನಿಷಾಳ ಬೆನ್ನು ನೆಟ್ಟಗಿತ್ತು. ಆಸನ ಮಡಿಸುವ ಇಬ್ಬರು ಹೆಂಗಸರು ಕಣ್ಣು ಮುಚ್ಚಿದ್ದರು, ಅವರಲ್ಲಿ ಪ್ರಮಿಳಾ ಕೂತಲ್ಲೇ ನಿದ್ದೆ ಹೋಗಿದ್ದಳು, ಬಾಯಿ ತೆರೆದಿತ್ತು. ಪಕ್ಕದ ಕಾರ್ಖಾನೆಯಲ್ಲಿ ಕಬ್ಬಿಣ ಉಜ್ಜುವ ಸದ್ದು. ಗೋಡೆಗೆ ಆತು ವಡಗಾವಿಯಿಂದ ಬಂದ ಹೊಸ ಆಸನಗಳ ಕಟ್ಟುಗಳಿದ್ದವು, ಪ್ಲಾಸ್ಟಿಕ್ ಇನ್ನೂ ಬಿಚ್ಚಿರಲಿಲ್ಲ. ಅವನಿಗೆ ಆ ಕಟ್ಟುಗಳು ತನ್ನನ್ನೇ ನೋಡುತ್ತಿವೆ ಅನ್ನಿಸಿತು, ಆಮೇಲೆ ಕಟ್ಟು ನೋಡುವುದಿಲ್ಲ ಎಂದುಕೊಂಡ. ಮೌನದಲ್ಲಿ ಕೂತಾಗಲೆಲ್ಲ ಹೀಗೆ. ಉಳಿದ ಹೊತ್ತು ಫೋನು, ಕೊರಿಯರು, ತಕರಾರು; ಈ ಹತ್ತು ನಿಮಿಷದಲ್ಲಿ ಮಾತ್ರ ಕುರಿಗಾರ ಮುದುಕ ಸಿದರಾಯ ಮುತ್ಯಾ ಮನಸ್ಸಿಗೆ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂರುತ್ತಿದ್ದ. ಕಂಬಳಿ ಚೂರಿನ ಗಂಟು ಬಿಚ್ಚುತ್ತಿದ್ದ, ಅಷ್ಟೆ.

ಎರಡು ವರ್ಷದ ಹಿಂದೆ ಖಾನಾಪುರದಾಚೆ, ಸಿದರಾಯನ ಮನೆಯ ಮುಂದೆ, ಬೀರೇಶ ಛಾಪಾ ಕಾಗದ ಬಿಚ್ಚಿದ್ದ. ಹನ್ನೊಂದು ಕುರಿಗಾರ ಮನೆಗಳ ಉಣ್ಣೆಯನ್ನೆಲ್ಲ ತಾನೇ ಕೊಳ್ಳುವುದು, ಅವರು ಬೇರೆಯವರಿಗೆ ಕೊಡಬಾರದು, ತಾನು ಬೇರೆಯವರದು ತರಬಾರದು, ಇದೇ ಕರಾರು. ಸಿದರಾಯ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, “ಇದನ್ನ ಮಂದಿ ಮುಂದ ಇಟ್ರ ಓದ್ತಾರ. ಕುರಿ ಮುಂದ ಇಟ್ರ ತಿಂತಾವ. ಇದನ್ಯಾಕ ತಂದಿ ತಮ್ಮಾ?” ಎಂದಿದ್ದ. ಎಲ್ಲರೂ ನಕ್ಕಿದ್ದರು. ಆಮೇಲೆ ಕಂಬಳಿ ಹಾಸಿದರು, ಅದರ ಮೇಲೆ ದೇವರ ಅರಿಸಿನ ಪುಡಿ, ಭಂಡಾರ, ರಾಶಿ ಮಾಡಿದರು. ಮನೆಗೊಬ್ಬರಂತೆ ಬಂದು ಒಂದೊಂದು ಚಿಟಿಕೆ ಎತ್ತಿ ಹಣೆಗಿಟ್ಟುಕೊಂಡು ಹೇಳಿದರು: ನಮ್ಮ ಉಣ್ಣಿ ನಿಂದು. ಅವನೂ ಹನ್ನೊಂದು ಸಲ ಎತ್ತಿದ, ಹನ್ನೊಂದು ಸಲ ಹೇಳಿದ: ನನ್ನ ಮಾತು ನಿಮ್ದು. ಉಳಿದ ಭಂಡಾರವನ್ನು ಸಿದರಾಯ ಕಂಬಳಿಯ ಚೂರಿನಲ್ಲಿ ಗಂಟು ಕಟ್ಟಿ ಮನೆಯ ತೊಲೆಗೆ ತೂಗುಹಾಕಿದ. “ಎತ್ತಿದಾವ ಬಂದ ಇಳಸೂ ತನಕಾ ಇದ ಇಲ್ಲೇ ಇರ್ತೈತಿ” ಎಂದ. ಮನಿಷಾ ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿಯುತ್ತ ಕಣ್ಣೀರು ಹಾಕಿದ್ದಳು. ಕೊನೆಗೆ ಅವಳು, ಬೀರೇಶ, ಉಣ್ಣೆ ಮೂಗಿಗೆ ಹಿಡಕೊ ನೋಡೂಣು, ಎಂದಳು. ಅವನು ಎರಡೂ ಕೈತುಂಬ ಉಣ್ಣೆ ತೆಗೆದು ಮುಖಕ್ಕೊತ್ತಿ ಕಣ್ಣು ಮುಚ್ಚಿದ. ಏನೂ ಇರಲಿಲ್ಲ. ತುರಿಕೆ ಇತ್ತು, ಬೆಚ್ಚಗಿತ್ತು, ವಾಸನೆ ಇರಲಿಲ್ಲ. ಆ ದಿನ ಅವನಿಗೆ ಒಳಗೆ ಏನೋ ತುಂಬಿ ಬಂದದ್ದು ಸುಳ್ಳಲ್ಲ. ಆ ಖರೇ ಭಾವದ ಮೇಲೆ ಒಂದು ಸುಳ್ಳು ಉಸಿರು ಎಳೆದುಕೊಂಡಿದ್ದ, ಅಷ್ಟೆ. ಆ ವಿಡಿಯೋವನ್ನು ನಾಲ್ಕು ಲಕ್ಷ ಜನ ನೋಡಿದರು.

ವಾಸನೆ ಬರುತ್ತದೆ ಎಂದು ಮಾರಿದ ಆಸನಗಳು ವಾಸನೆ ಬರುತ್ತದೆ ಎಂದೇ ವಾಪಸು ಬರತೊಡಗಿದವು. ಕುರಿ ನಾತ, ಎಂದು ಬರೆಯುತ್ತಿದ್ದರು. ಧ್ಯಾನಕ್ಕೆ ಕೂತರೆ ಹಟ್ಟಿಯಲ್ಲಿ ಕೂತಂತಾಗುತ್ತದೆ, ಎಂದು. ಒಂದು ಯೋಗ ಕೇಂದ್ರದವರು ಆರುನೂರು ಆಸನ ಕೇಳಿದರು, ಮೆತ್ತಗಿರಬೇಕು, ತಿಳಿ ಬಣ್ಣ ಇರಬೇಕು, ನಾತ ಇರಬಾರದು. ಬೀರೇಶ ಉಣ್ಣೆಯನ್ನು ಅಂಟವಾಳದ ನೀರಿನಲ್ಲಿ ತೊಳೆಸಿದ, ಸೋಡಾದಲ್ಲಿ ತೊಳೆಸಿದ. ಪ್ರತಿ ಸಲವೂ ಪ್ರಮಿಳಾಳ ಮುಂದೆ ಹಿಡಿದು, “ಹೋತೇನು?” ಎಂದು ಕೇಳುತ್ತಿದ್ದ. ಅವಳು ಮೂಗು ಹತ್ತಿರ ತಂದು, “ಐತ್ರಿ, ಇನ್ನೂ ಐತ್ರಿ” ಎನ್ನುತ್ತಿದ್ದಳು, ಮತ್ತು ತನ್ನನ್ನೇ ಯಾಕೆ ಕೇಳುತ್ತಾನೆ ಎಂಬಂತೆ ನೋಡುತ್ತಿದ್ದಳು. ಐದನೇ ಸಲ ಅವನು ಯಾರನ್ನೂ ಕೇಳಲಿಲ್ಲ. ವಡಗಾವಿಯ ಒಂದು ಓಣಿಗೆ ಹೋಗಿ, ವಿದ್ಯುತ್ ಮಗ್ಗದ ಮೇಲೆ ಗಿರಣಿಯ ಕೃತಕ ನೂಲಿನ ಆಸನ ನೇಯಲು ಹೇಳಿ ಬಂದ. ಇದೊಂದೇ ಸಲ ಎಂದುಕೊಂಡಿದ್ದ. ಎರಡನೇ ಸಲವೂ ಅದನ್ನೇ ಎಂದುಕೊಂಡ, ಆಮೇಲೆ ಎಂದುಕೊಳ್ಳುವುದನ್ನು ಬಿಟ್ಟ. ಕಾರ್ಡು ಮಾತ್ರ ಅದೇ ಇತ್ತು, ಹನ್ನೊಂದು ಮನೆಗಳ ಹೆಸರು ಸಮೇತ. ಕಾರ್ಡಿಗೆ ಅಂಟಿಸುವ ಭಂಡಾರದ ಚೀಟಿಯೊಳಗೆ ಕಿರಾಣಿ ಅಂಗಡಿಯ ಅರಿಸಿನ. ಸಿದರಾಯ ಫೋನು ಮಾಡಿದಾಗ, ಮುಂದಿನ ವಾರ ಬರ್ತೇನಿ ಮುತ್ಯಾ, ಎನ್ನುತ್ತಿದ್ದ. ಹಟ್ಟಿಗಳಲ್ಲಿ ಚಳಿಗಾಲದ ಕತ್ತರಿ, ಉಣ್ಣೆ ಕತ್ತರಿಸುವ ಕೆಲಸ, ಆಯಿತು, ಬೇಸಿಗೆಯ ಕತ್ತರಿ ಆಯಿತು. ಮುಂದಿನ ವಾರ ಬರಲಿಲ್ಲ.

ಮನಿಷಾ ಸಣ್ಣ ಗಂಟೆ ಬಾರಿಸಿದಳು. ಪ್ರಮಿಳಾ ಬೆಚ್ಚಿ ಎದ್ದಳು.

“ಒಂದ ಆನಂದದ ಸುದ್ದಿ ಐತಿ,” ಎಂದಳು ಮನಿಷಾ. “ಯೋಗ ಕೇಂದ್ರದವ್ರು ಮುಂದಿನ ಭಾನುವಾರ ಹದಿನಾಲ್ಕ ಮಂದಿ ಬರ್ತಾರ. ಕುರಿಗಾರರ ಮನಿ ನೋಡಬೇಕಂತ, ಅವರ ಜೊತಿ ಕೂತು ಧ್ಯಾನ ಮಾಡಬೇಕಂತ. ನಾ ಹೂಂ ಅಂದಬಿಟ್ಟೆ.”

“ನನ್ನ ಒಂದ ಮಾತ ಕೇಳಬೇಕಿತ್ತಲಾ,” ಎಂದ ಬೀರೇಶ.

“ಅರೇ, ಕೇಳೂದ ಏನೈತಿ? ಮುತ್ಯಾ ಎಷ್ಟ ಖುಷಿ ಆಗ್ತಾನ! ನೀ ಇವತ್ತ ಹೋಗಿ ಹೇಳಿ ಬಾ. ಬರೀಗೈಲೆ ಹೋಗಬ್ಯಾಡ, ಮನಿಗೊಂದ ಆಸನ ಒಯ್ಯಿ. ಇಷ್ಟ ದಿನ ಅವರ ಉಣ್ಣಿ ನಾವು ಮಾರೀವಿ, ಅವರಿಗೊಂದ ಆಸನ ಕೊಟ್ಟಿಲ್ಲ. ನನಗ ನಾಚಿಕಿ ಆತು ಖರೇ.”

ಅವಳು ತಾನೇ ಹನ್ನೊಂದು ಆಸನ ಎಣಿಸಿ, ಪ್ಲಾಸ್ಟಿಕ್ ಕಿತ್ತು, ಕಾರ್ಡು ಇಟ್ಟು ಕಟ್ಟಿದಳು. ಬೀರೇಶ ಅವಳ ಕೈಗಳನ್ನೇ ನೋಡಿದ. ಈ ಬೆರಳುಗಳಿಗೆ ಗೊತ್ತಾಗುವುದಿಲ್ಲವೇ? ಎರಡು ವರ್ಷದಿಂದ ಉಣ್ಣೆ ಮುಟ್ಟಿದ ಬೆರಳು. ಗೊತ್ತಿದ್ದೂ ಕೇಳುವುದಿಲ್ಲವೋ, ಕೇಳಿದರೆ ಬೆನ್ನು ನೆಟ್ಟಗೆ ಕೂರಲಾಗುವುದಿಲ್ಲ ಎಂದೋ. ಈ ವಿಚಾರ ಬಂದದ್ದೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ತಾನು ಕೆಟ್ಟಿದ್ದೇನೆ ಎಂದು ಅವಳನ್ನೂ ಎಳೆಯುತ್ತಿದ್ದೇನೆ. ಅದರ ಹಿಂದೆಯೇ, ಅವಳಿಗೂ ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು ಎಂಬ ಆಸೆಯೂ ಬಂತು.

ಟೆಂಪೋದ ಗನಿ ಹಿಂದಿನಿಂದಲೂ ಇವರ ಮಾಲು ಹೊರುವವನು. ದೇಸೂರು ದಾಟಿದ ಮೇಲೆ ಮಾತು ತೆಗೆದ. “ಸಾಹುಕಾರ್ರ, ಒಂದ ಮಾತ ಕೇಳ್ಲಿ? ಈ ಆಸನದ ಮ್ಯಾಲ ಕುಂತ್ರ ಮನಸ್ಸ ಶಾಂತ ಆಗ್ತದಂತ ಖರೇನ?”

“ಹಂಗಂತಾರ ಗನಿಭಾಯ್.”

“ನಾ ಈ ಸೀಟಿನ ಮ್ಯಾಲ ಮೂವತ್ತ ವರ್ಷ ಕುಂತೇನ್ರಿ. ಬರೀ ಮೂಲವ್ಯಾಧಿ ಬಂದದ.” ತನ್ನ ಮಾತಿಗೆ ತಾನೇ ನಕ್ಕು, ಕನ್ನಡಿಯಲ್ಲಿ ಬೀರೇಶನ ಮುಖ ನೋಡಿ ನಗು ನಿಲ್ಲಿಸಿದ. “ತಬಿಯತ್ತ ಬರೋಬರಿಲ್ಲೇನ್ರಿ?”

ಬೀರೇಶ ವಾಕ್ಯಗಳನ್ನು ಜೋಡಿಸುತ್ತಿದ್ದ. ಮುತ್ಯಾ, ನಾ ತಪ್ಪ ಮಾಡೇನಿ. ಇದು ಚಿಕ್ಕದಾಯಿತು. ಮುತ್ಯಾ, ಮಂದಿಗೆ ನಮ್ಮ ಉಣ್ಣಿ ಬ್ಯಾಡಾಗೈತಿ. ಇದರಲ್ಲಿ ತಪ್ಪು ಮಂದಿಯದಾಯಿತು. ನಿಮ್ಮ ಉಣ್ಣಿ ಎಲ್ಲಾ ಇವತ್ತ ಒಯ್ತೇನಿ. ಇದು ಒಳ್ಳೆಯದಿತ್ತು. ಇದನ್ನು ಮೊದಲು ಹೇಳಬೇಕು, ಆಮೇಲೆ ಉಳಿದದ್ದು. ಉಣ್ಣೆ ಒಯ್ದು ಏನು ಮಾಡುವುದು ಗೊತ್ತಿಲ್ಲ, ಶೆಡ್ಡಿನಲ್ಲಿ ಒಟ್ಟುವುದು, ಆದರೆ ಮಾತು ಉಳಿಯುತ್ತದೆ. ಉಣ್ಣೆ ಗಾಡಿಗೆ ಏರಿದ ಮೇಲೆ ವಡಗಾವಿಯ ವಿಷಯ ಹೇಳಿದರೆ ಮುದುಕ ಬೈದಾನು, ಕೈಬಿಡಲಿಕ್ಕಿಲ್ಲ. ಅವನಿಗೆ ಬೇಕಾದದ್ದು ಇಷ್ಟೇ ಇತ್ತು, ಸಿದರಾಯ ತನ್ನನ್ನು ಕೈಬಿಡಬಾರದು. ಕಂಪನಿ ಹೋದರೆ ಮತ್ತೆ ಎಲ್ಲಾದರೂ ಮಾರಾಟದ ಕೆಲಸ ಸಿಗುತ್ತದೆ, ಮನಿಷಾ ಹೋದರೆ ಹೋದಳು. ಅಜ್ಜ ಮಲಗಿದ್ದ ಹಟ್ಟಿಯ ಕಡೆಗೆ ತನಗೆ ಇನ್ನೊಂದು ದಾರಿ ಇಲ್ಲ. ಮೂಗಿನ ದಾರಿ ಆಗಲೇ ಹೋಗಿತ್ತು, ಉಳಿದದ್ದು ಈ ಮುದುಕ. ಖಾನಾಪುರದ ಹತ್ತಿರ ಇಟ್ಟಂಗಿ ಭಟ್ಟಿಗಳ ಹೊಗೆ ರಸ್ತೆಗೆ ಅಡ್ಡ ಬಂದಿತ್ತು. ಗನಿ ಗಾಜು ಏರಿಸಿ ಕೆಮ್ಮಿದ. ಬೀರೇಶ ಅವನನ್ನು ನೋಡಿ ತಾನೂ ಕರ್ಚೀಫು ತೆಗೆದು ಮೂಗಿಗೆ ಹಿಡಿದ. ಹಿಡಿದ ಮೇಲೆ, ಇಲ್ಲಿ ಯಾರಿಗೋಸ್ಕರ ಹಿಡಿದೆ ಎಂದು ಕೇಳಿಕೊಂಡ. ಮಲಪ್ರಭೆಯ ಸೇತುವೆ ದಾಟಿ ಎಂಟು ಕಿಲೋಮೀಟರಿನವರೆಗೂ ಕರ್ಚೀಫು ಕೈಯಲ್ಲೇ ಉಳಿಯಿತು.

ಸಿದರಾಯ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತ ಕೂತಿದ್ದ. ಗಾಡಿ ನೋಡಿ ಎದ್ದು ನಿಂತ, ಎದ್ದು ನಿಲ್ಲಲು ಎರಡು ಸಲ ಪ್ರಯತ್ನಿಸಬೇಕಾಯಿತು. ಅವನು ಬೈದಿದ್ದರೆ ಬೀರೇಶ ಗೆದ್ದಂತಿತ್ತು. ಮುದುಕ ಒಳಗೆ ಕೂಗಿದ: “ರೇಣವ್ವಾ, ಬಂದಾ ನೋಡ. ಬರೂದಿಲ್ಲ ಅಂತಿದ್ದಿ. ನಾ ಏನ ಹೇಳಿದ್ಯಾ? ಭಂಡಾರ ಎತ್ತಿದಾವ ಎಲ್ಲಿ ಹೋಗ್ತಾನ?” ಬೀರೇಶನ ಕಡೆ ತಿರುಗಿ, “ಬಾ ತಮ್ಮಾ. ಬರ್ರಿ ಗನೀ ಸಾಹೇಬ್ರ, ಕುಂದರ್ರಿ” ಎಂದ.

ಅವನ ಹೆಂಡತಿ ರೇಣವ್ವ ನೀರು ತಂದಿಟ್ಟಳು, ಬೆಲ್ಲ ಇಟ್ಟಳು. ಅವಳು ನಗಲಿಲ್ಲ. “ಸೊರಗೀದಿ,” ಎಂದಳು. “ಊಟ ಯಾರ ಮಾಡಿ ಹಾಕ್ತಾರ ನಿನಗ?”

“ನಾನ ಮಾಡ್ಕೋತೇನಿ ಆಯಿ.”

“ಅನ್ನ ತಳಾ ಹತ್ತಿ ಸೀದರೂ ತಿಂತಿರಬೇಕ,” ಎಂದು ಒಲೆಯ ಕಡೆ ಹೋದಳು. ಬೀರೇಶ ಬೆಚ್ಚಿಬಿದ್ದ. ಅದು ಸುಮ್ಮನೆ ಆಡಿದ ಮಾತು. ಒಂಟಿ ಗಂಡಸರಿಗೆ ಎಲ್ಲ ಮುದುಕಿಯರೂ ಹಾಗೆಯೇ ಅನ್ನುತ್ತಾರೆ.

ಗನಿ ಆಸನದ ಕಟ್ಟು ತಂದು ಕಟ್ಟೆಯ ಮೇಲಿಟ್ಟ. ಇದನ್ನು ಗಾಡಿಯಲ್ಲೇ ಬಿಡು ಎಂದು ಹೇಳಬೇಕೆಂದು ಬೀರೇಶ ದಾರಿಯುದ್ದಕ್ಕೂ ನೆನೆದಿದ್ದ, ಸೊರಗೀದಿ ಎಂದಾಗ ಮರೆತಿದ್ದ. ರೇಣವ್ವ ಚಹಾದ ಲೋಟ ಕೆಳಗಿಟ್ಟು ಒಂದು ಆಸನ ಕೈಗೆತ್ತಿಕೊಂಡಳು. ಅವಳು ಐವತ್ತು ವರ್ಷ ನೂಲು ತೆಗೆದವಳು. ಹೆಬ್ಬೆರಳಿಂದ ಒಮ್ಮೆ ಉಜ್ಜಿದಳು, ಹಿಂದುಮುಂದು ಮಾಡಿದಳು, ಅಂಚಿನ ಒಂದು ಎಳೆ ಹಲ್ಲಿನಿಂದ ಕಚ್ಚಿ ಎಳೆದಳು. ಆ ಎಳೆಯನ್ನು ಒಲೆಯ ಬೆಂಕಿಗೆ ಹಿಡಿದು ವಾಪಸು ಬಂದಳು. ಎಳೆಯ ತುದಿ ಕರಗಿ ಸಾಸಿವೆ ಕಾಳಿನಷ್ಟು ಕಪ್ಪು ಗುಂಡಾಗಿತ್ತು. ಅದನ್ನು ಬೀರೇಶನ ಅಂಗೈ ಮೇಲಿಟ್ಟಳು. ಇನ್ನೂ ಬಿಸಿಯಿತ್ತು.

“ನಮ್ಮ ಉಣ್ಣಿ ಸುಟ್ರ ಬೂದಿ ಆಗ್ತೈತಿ,” ಎಂದಳು. “ಇದು ಗುಂಡ ಆತು.”

ಸಿದರಾಯ ಅದನ್ನು ನೋಡಿದ, ಬೀರೇಶನನ್ನು ನೋಡಿದ. ಬೀರೇಶನಿಗೆ ಜೋಡಿಸಿದ ವಾಕ್ಯಗಳೆಲ್ಲ ಒಂದರ ಮೇಲೊಂದು ಬಿದ್ದವು. “ಒಂದ ಪಾರ್ಟಿಗೆ ಹಂಗ ಬೇಕಾಗಿತ್ತು ಮುತ್ಯಾ, ಒಂದ ಸಲ...” ಎಂದ. ಅವನ ದನಿ ಅವನಿಗೇ ಮಾರಾಟದವನ ದನಿಯಂತೆ ಕೇಳಿಸಿತು, ಕಾರ್ಖಾನೆಯಲ್ಲಿ ಬಿರುಕುಬಿಟ್ಟ ಎರಕವನ್ನು ಗಿರಾಕಿಗೆ ಸಾಗಹಾಕುವಾಗಿನ ದನಿ. ಗನಿ ಚಹಾ ಮುಗಿದರೂ ಲೋಟವನ್ನು ತುಟಿಗೆ ಹಿಡಿದೇ ಕೂತಿದ್ದ.

“ಇರಲಿ,” ಎಂದ ಸಿದರಾಯ. “ತಪ್ಪ ಮನಶ್ಯಾಂದ ಆಗ್ತೈತಿ. ನಡಿ, ನಿನ್ನ ಉಣ್ಣಿ ನೋಡ. ಹನ್ನೊಂದ ಮನೀದೂ ಒಂದ ಕಡೆ ಇಟ್ಟೇವಿ. ಗೋಕಾಕ ಕಡೆಯಾಂವ ಒಬ್ಬ ಎರಡ ಸಲ ಬಂದಿದ್ದ, ಕೊಡ್ರಿ ಅಂದ. ಕೊಡಾಕ ಇದ ನಮ್ದಲ್ಲೋ ಯಪ್ಪಾ, ಭಂಡಾರ ಎತ್ತೇವಿ ಅಂದ್ವಿ. ಅಂವ ನಕ್ಕ ಹೋದಾ. ಶ್ರಾವಣದಾಗ ಖೋಲಿ ತಗಡ ಹಾರಿತು. ನಿನಗ ಫೋನ್ ಹಚ್ಚಿದ್ವಿ. ಮುಂದಿನ ವಾರ ಅಂದಿ.” ಕೋಲು ಹುಡುಕಿದ. “ಇನ್ನ ನೀನ ನೋಡು. ನೋಡಿ ನೀನ ಹೇಳು.”

ನೀನ ಹೇಳು ಎಂದದ್ದನ್ನು ಬೀರೇಶ ಕೇಳಿಸಿಕೊಂಡ, ಆದರೆ ಅದರಲ್ಲಿ ಏನೋ ಇದೆ ಎಂದು ಗಮನಿಸಲಿಲ್ಲ. ಅವನಿಗೆ ಕೇಳಿಸಿದ್ದು ‘ಇರಲಿ’ ಎಂಬ ಮಾತು ಮಾತ್ರ. ಇರಲಿ ಎಂದ, ಬಿಡಲಿಲ್ಲ. ಕೈಕಾಲಿಗೆ ಜೀವ ಬಂದಂತಾಯಿತು. ಇನ್ನು ಉಣ್ಣೆಯನ್ನೆಲ್ಲ ಒಯ್ಯುತ್ತೇನೆ ಎಂದು ಹೇಳಬೇಕು, ಎದೆಯಿಂದ ಹೇಳಬೇಕು.

ಬೀರದೇವರ ಗುಡಿಯ ಬಾಜು ಒಂದು ಖೋಲಿ. ಕಿಟಕಿ ಇರಲಿಲ್ಲ, ಹಾರಿದ ತಗಡಿನ ಜಾಗದಲ್ಲಿ ಕಪ್ಪು ತಾಡಪತ್ರಿ ಹೊದಿಸಿದ್ದರು. ನಾಲ್ಕು ಹೆಜ್ಜೆ ದೂರದಲ್ಲೇ ಗನಿ ನಿಂತುಬಿಟ್ಟ, ಏನೋ ಮರೆತವನಂತೆ ತಿರುಗಿ ಗಾಡಿಯ ಕಡೆ ಹೋದ. ರೇಣವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. ಬೀರೇಶ ಅವಳು ಅಳುತ್ತಿದ್ದಾಳೆ ಎಂದುಕೊಂಡ, ತನ್ನ ಸಲುವಾಗಿ. ಸಿದರಾಯ ಬಾಗಿಲು ತೆಗೆದು ಬದಿಗೆ ಸರಿದ. ಒಳಗೆ ಕತ್ತಲು, ಚೀಲದ ಮೇಲೆ ಚೀಲ. ಬೀರೇಶ ಒಳಹೊಕ್ಕು ಮೇಲಿನ ಚೀಲದ ಬಾಯಿ ಬಿಚ್ಚಿದ. ಉಣ್ಣೆ ಒಣಗಿತ್ತು, ಕರಿಯ ಉಣ್ಣೆ, ಅಜ್ಜನ ಕಂಬಳಿಯ ಬಣ್ಣ. ಹೊರಗಿನ ಬೆಳಕಿನಲ್ಲಿ ಮುದುಕ ಮುದುಕಿ ಇಬ್ಬರೂ ಅವನನ್ನೇ ನೋಡುತ್ತಿದ್ದರು. ಅವನ ಕೈಗಳು ರೂಢಿಯಿಂದ ಎದ್ದವು. ಎರಡೂ ಕೈತುಂಬ ಉಣ್ಣೆ ತೆಗೆದು ಮುಖಕ್ಕೊತ್ತಿಕೊಂಡ, ಕಣ್ಣು ಮುಚ್ಚಿದ, ಎದೆ ತುಂಬುವಷ್ಟು ಉಸಿರು ಎಳೆದುಕೊಂಡ. ಒಂದು ಕ್ಷಣ ಆ ಹುಡುಗ, ಆ ಕಂಬಳಿ, ಹಟ್ಟಿಯ ಮೇಲಿನ ಚುಕ್ಕಿಗಳು ಎಲ್ಲ ಬಂದವು, ನೆನಪಿನಿಂದಲೇ ಬಂದವು, ಅವನ ಕಣ್ಣು ಒದ್ದೆಯಾಯಿತು.

“ಚೊಲೊ ಐತಿ ಮುತ್ಯಾ,” ಎಂದ. “ಭಾಳ ಚೊಲೊ ಐತಿ. ಅದ ವಾಸನಿ. ಎಲ್ಲಾ ನಾನ ಒಯ್ತೇನಿ, ಇವತ್ತ.”

ರೇಣವ್ವ ಸೆರಗು ತೆಗೆದಳು. ಅವಳು ಅತ್ತಿರಲಿಲ್ಲ. ಗಾಡಿಯ ಹಿಂದೆ ಗನಿ ಕಾರಿಕೊಳ್ಳುವ ಸದ್ದು ಕೇಳಿಸಿತು.

ಸಿದರಾಯ ಒಳಗೆ ಬಂದು ಕೋಲಿನಿಂದ ಕೆಳಗಿನ ಸಾಲಿನ ಒಂದು ಚೀಲವನ್ನು ತಿವಿದ. ಚೀಲದ ಹೊಟ್ಟೆ ಹರಿದು, ಕಪ್ಪು ಲೋಳೆಯಂಥದು ನೆಲಕ್ಕೆ ಜಾರಿತು. ಅದರಲ್ಲಿ ಬಿಳಿ ಹುಳಗಳು ಅಲ್ಲಾಡುತ್ತಿದ್ದವು. ಬೀರೇಶ ಅದನ್ನು ನೋಡಿದ. ಕಣ್ಣಿಗೆ ಕಂಡಿತು, ಅಷ್ಟೆ, ಉಳಿದದ್ದೆಲ್ಲ ಅವರಿಬ್ಬರ ಮುಖದ ಮೇಲಿತ್ತು.

“ಎರಡ ತಿಂಗಳಾತು ಕೊಳ್ಯಾಕ ಹತ್ತಿ,” ಎಂದ ಸಿದರಾಯ. “ಈ ಓಣ್ಯಾಗ ಯಾರೂ ಅಡ್ಡಾಡೂದಿಲ್ಲ. ಈಕಿ ದಿನಾ ಮ್ಯಾಗಿನ ಚೀಲ ತಗದ ಬಿಸಲಿಗೆ ಹಾಕ್ತಾಳ, ನಿಂದು ಅಂತ. ನಿನ್ನ ಮಾಲು ಕೆಟ್ರ ನಮ್ಮ ಮ್ಯಾಲ ಬರ್ತೈತಿ ಅಂತ. ನೀ ಬಂದ, ಥೂ ಅಂತ ಉಗುಳಿದ್ರ, ನನಗ ಬಾಯಿಗೆ ಬಂದಂಗ ಬೈದಿದ್ರ, ನಾ ನಿನ್ನ ಕಾಲ ಹಿಡೀತಿದ್ಯಾ. ನಮಗ ಕಾಯಾಕ ಆಗಲಿಲ್ಲ ಅಂತ ನಾನ ಅಂತಿದ್ಯಾ. ಚೊಲೊ ಐತಿ ಅಂದೀಯಲ್ಲೋ.”

“ಮುತ್ಯಾ, ನನಗ ವಾಸನಿ ಬರೂದಿಲ್ಲ.”

ಮೂರೂವರೆ ವರ್ಷದಲ್ಲಿ ಆ ಮಾತನ್ನು ಮೊದಲ ಸಲ ಬಾಯಿಂದ ಆಡಿದ್ದ. ಆಡಿದ ಕೂಡಲೇ ಹಗುರಾಗುತ್ತದೆ ಎಂದುಕೊಂಡಿದ್ದು ಆಗಲಿಲ್ಲ.

“ಕೊರೋನಾದಾಗ ಹೋತು. ಖರೇನ ಮುತ್ಯಾ. ಏನೂ ಬರೂದಿಲ್ಲ, ಊದಿನಕಡ್ಡಿ ಇಲ್ಲ, ಹೊಗಿ ಇಲ್ಲ.”

ಸಿದರಾಯ ವಿಚಾರ ಮಾಡಿದ. ಅವನು ಅವಸರದ ಮನುಷ್ಯನಲ್ಲ. “ಮೊಬೈಲನ್ಯಾಗ ನೋಡೇನಿ ನಾ. ನನ್ನ ಮನಿ ಮುಂದ ನಿಂತ, ಉಣ್ಣಿ ಮೂಗಿಗೆ ಹಿಡಕೊಂಡ, ಈಗ ಹಿಡದೀಯಲಾ, ಹಿಂಗ. ಕಣ್ಣ ಮುಚ್ಚಿದ್ದಿ. ಆವಾಗ ವಾಸನಿ ಇತ್ತೇನು?”

“ಇರಲಿಲ್ಲ.”

“ಭಂಡಾರ ಎತ್ತಿದ ದಿನ ಅದು.”

“ಹೌದು.”

“ಆವತ್ತ ಇಲ್ಲದ್ದನ್ನ ಐತಿ ಅಂದಿ. ಇವತ್ತ ಇಲ್ಲ ಅಂತಿ. ಎರಡರಾಗ ಒಂದ ಸುಳ್ಳ ಇರಬೇಕು. ಯಾವುದು ಅಂತ ಹೇಳಬ್ಯಾಡ, ನಾ ನಂಬೂದಿಲ್ಲ.” ಕೋಪ ಇರಲಿಲ್ಲ ಅವನ ದನಿಯಲ್ಲಿ, ರೋಗದ ಕುರಿಯನ್ನು ಮಂದೆಯಿಂದ ಬೇರೆ ಮಾಡುವವನ ಹಾಗೆ ಇತ್ತು. “ರೇಣವ್ವಾ, ತೊಲಿ ಮ್ಯಾಗಿನ ಗಂಟ ತಾ. ಎತ್ತಿದಾವ ಬಂದಾನ, ಇಳಸಿ ಹೋಗಲಿ.”

“ಮುತ್ಯಾ, ಒಂದ ವರ್ಷ ಕೊಡು,” ಎಂದ ಬೀರೇಶ. “ಎಲ್ಲಾ ಬಂದ ಮಾಡ್ತೇನಿ, ಕಾರ್ಡ ಸುಡ್ತೇನಿ. ನಿಮ್ಮ ಉಣ್ಣಿ ಬಿಟ್ರ ಒಂದ ಎಳಿ ತರೂದಿಲ್ಲ. ನಾ ಇಲ್ಲೇ ಬಂದ ಇರ್ತೇನಿ. ಮುತ್ಯಾ, ನನಗ ಬ್ಯಾರೆ ಏನೂ ಇಲ್ಲ.” ಕೊನೆಯ ಮಾತು ನಿಜವಾಗಿತ್ತು. ಅದನ್ನೂ ಅವನು ಎಲ್ಲೋ ಕಾರ್ಡಿನಲ್ಲಿ ಬರೆದಿದ್ದ, ಆದ್ದರಿಂದ ಅದೂ ಕಾರ್ಡಿನ ಮಾತಿನಂತೆಯೇ ಕೇಳಿಸಿತು.

“ನಮ್ಮನ್ನ ಬಿಡಪಾ,” ಎಂದಳು ರೇಣವ್ವ. ಗಂಟು ತಂದು ನಿಂತಿದ್ದಳು. ಈಗ ಬೇಡಿಕೊಳ್ಳುವವಳು ಅವಳಾಗಿದ್ದಳು. “ಮುಂದಿನ ಕತ್ತರಿ ಬಂತು. ನೀ ಬಿಡಲಿಲ್ಲಂದ್ರ ಅದನ್ನೂ ಇಲ್ಲೇ ತಂದ ಒಟ್ಟಬೇಕ. ಬಿಡು.”

ಬೀರೇಶ ಗುಡಿಯ ಮುಂದೆ ಮಣ್ಣಿನ ಮೇಲೆ ಕೂತ. ಒಂದೊಂದು ಮನೆಯ ಹೆಸರು ಹೇಳಿ ಒಂದೊಂದು ಚಿಟಿಕೆ ಭಂಡಾರ ನೆಲಕ್ಕೆ ಇಳಿಸಬೇಕು, ಬಿಟ್ಟೆ ಎನ್ನಬೇಕು. ಆರು ಹೆಸರು ಸರಾಗ ಬಂದವು. ಏಳನೆಯದಕ್ಕೆ ತಡವರಿಸಿದ, ಎಂಟನೆಯದು ಬರಲೇ ಇಲ್ಲ. ಬೆರಳಿನಲ್ಲಿ ಚಿಟಿಕೆ ಹಿಡಿದು ಮುದುಕನ ಮುಖ ನೋಡಿದ. ಸಿದರಾಯ ಹೇಳಿಕೊಡಲಿಲ್ಲ. ಕಡೆಗೆ ಬೀರೇಶ ಎಡಗೈಯನ್ನು ಅಂಗಿಯ ಕಿಸೆಗೆ ಹಾಕಿ ಕಾರ್ಡು ತೆಗೆದ, ತಾನೇ ಅಚ್ಚು ಹಾಕಿಸಿದ ಕಾರ್ಡು. ಅದನ್ನು ನೋಡಿ ಓದಿದ. ಗುರುಪಾದಪ್ಪನ ಮನಿ, ಬಿಟ್ಟೆ. ಸಂಗವ್ವನ ಮನಿ, ಬಿಟ್ಟೆ. ಹತ್ತನೆಯದು ಓದುವಾಗ ಮನಿಷಾಳ ಫೋನು ಬಂತು. ತೆಗೆಯಲಿಲ್ಲ. ಹನ್ನೊಂದನೆಯದು ಸಿದರಾಯನದೇ ಮನೆ. ಅದಕ್ಕೆ ಕಾರ್ಡು ಬೇಕಿರಲಿಲ್ಲ. ಬಿಟ್ಟೆ, ಎಂದ. ಸಿದರಾಯ ಖಾಲಿ ಕಂಬಳಿ ಚೂರನ್ನು ಝಾಡಿಸಿ ಹೆಗಲ ಮೇಲೆ ಹಾಕಿಕೊಂಡ.

ಈಗ ಉಣ್ಣೆ ಯಾರದೂ ಅಲ್ಲ, ಎಸೆಯಬಹುದಿತ್ತು. ಗುಡಿಯ ಹಿಂದೆ ಇನ್ನೂರು ಹೆಜ್ಜೆ ದೂರ ಒಂದು ಹಳೆಯ ಇಟ್ಟಂಗಿ ಗುಂಡಿ ಇತ್ತು. ಓಣಿಯ ಇಬ್ಬರು ಗಂಡಸರು ಮುಖಕ್ಕೆ ಟವೆಲು ಸುತ್ತಿಕೊಂಡು ಬಂದರು, ಒಂದು ಚೀಲ ಎತ್ತಿ ಬಾಗಿಲವರೆಗೆ ತಂದು ಇಳಿಸಿ ಓಡಿದರು. ಗನಿ ಹತ್ತಿರ ಬರಲೇ ಇಲ್ಲ. ಬೀರೇಶ ಅಂಗಿ ಬಿಚ್ಚಿಟ್ಟು ಚೀಲವನ್ನು ಬೆನ್ನಿಗೆ ಏರಿಸಿದ. ಚೀಲ ಒದ್ದೆಯಿತ್ತು, ಭಾರವಿತ್ತು, ಬೆನ್ನ ಮೇಲೆ ಏನೋ ಹರಿದಾಡಿತು. ಇಷ್ಟು ಬಿಟ್ಟರೆ ಅವನಿಗೆ ಏನೂ ತ್ರಾಸಿರಲಿಲ್ಲ. ಊರಿನಲ್ಲಿ ಅದನ್ನು ಹೊರಬಲ್ಲವನು ಅವನೊಬ್ಬನೇ. ಒಂದು ಒಯ್ದು ಹಾಕಿ ಬಂದು ಇನ್ನೊಂದು ಎತ್ತಿದ. ಸಿದರಾಯ ದೂರದ ಕಟ್ಟೆಯ ಮೇಲೆ ಮೂಗಿಗೆ ಕಂಬಳಿ ಹಿಡಿದು ಕೂತು ನೋಡುತ್ತಿದ್ದ. ಹತ್ತನೇ ಚೀಲಕ್ಕೆ, ಇವನು ನೋಡುತ್ತಿದ್ದಾನೆ, ಒಬ್ಬನೇ ಮೂಗು ಮುಚ್ಚದೆ ಹೊರುತ್ತಿರುವುದು ಕಾಣುತ್ತದೆ, ಈಗಲಾದರೂ ನಂಬುತ್ತಾನೆ ಎಂದು ಬೀರೇಶನಿಗೆ ಅನ್ನಿಸಿತು. ಇಪ್ಪತ್ತನೇ ಚೀಲ ಇಳಿಸಿ ಬರುವಾಗ ಮುದುಕ ಕಟ್ಟೆಯ ಮೇಲೆ ಇರಲಿಲ್ಲ. ಕುರಿ ಬರುವ ಹೊತ್ತಾಗಿತ್ತು, ಹೋಗಿದ್ದ. ಬೀರೇಶ ಇಪ್ಪತ್ತೊಂದನೆಯದನ್ನು ಎತ್ತಿದ.

ಕತ್ತಲಾಗುವ ಹೊತ್ತಿಗೆ ಮುಗಿಯಿತು. ಹೊರಟಾಗ ಗನಿ, “ಮುಂದ ಬ್ಯಾಡ್ರಿ, ಹಿಂದ ಕುಂದರ್ರಿ, ತಪ್ಪ ತಿಳ್ಕೋಬ್ಯಾಡ್ರಿ” ಎಂದ. ಅವನು ಹಿಂದೆ, ಯಾರೂ ಇಟ್ಟುಕೊಳ್ಳದ ಆಸನಗಳ ಪಕ್ಕ, ಬರಿಯ ತಗಡಿನ ಮೇಲೆ ಕೂತ. ಯೋಗ ಕೇಂದ್ರದವರಿಗೆ ಬರಬೇಡಿ ಎಂದು ಹೇಳು, ಎಂದು ಮನಿಷಾಳಿಗೆ ಫೋನಿನಲ್ಲಿ ಬರೆದ.

ಹೊತ್ತು ಹಾಕಿದ ಚೀಲ ನಲವತ್ತಮೂರು. ಕುರಿ ಆರುನೂರ ಎಂಬತ್ತು, ಎರಡು ಕತ್ತರಿ. ಮನೆ ಹನ್ನೊಂದು.